ಕೇರಿಯಲ್ಲಿ ಹಗೇವು ಏಕಿರಲಿಲ್ಲ

ಸಂತಪುರದ ಹಾವಗೆಪ್ಪನವರು ಮನೆಯಂಗಳದಲ್ಲಿ ಕಂದೀಲನ್ನು ಹಗ್ಗಕ್ಕೆ ಕಟ್ಟಿ ನೆಲದೊಳಗೆ ಇಳಿಬಿಡುತ್ತಿದ್ದರು. ಚಪ್ಪಡಿ ಕಲ್ಲು ಸರಿಸಿ ಆಗಲೇ ಸಾಕಷ್ಟು ಹೊತ್ತಾಗಿತ್ತು. ಗುಂಡಿಯ ಬಾಯಿ, ಮನುಷ್ಯನೊಬ್ಬ ತೋಳು ಒತ್ತಿಕೊಂಡು ತೂರಬಹುದಾದಷ್ಟು ಮಾತ್ರ ಅಗಲ. ಒಳಗೆ ಹೊಟ್ಟೆ ದೊಡ್ಡದು. ಸುತ್ತ ಭಾಲ್ಕಿಯ ಪದವಿ ಕಾಲೇಜಿನ ವಿದ್ಯಾರ್ಥಿಗಳು ಬಗ್ಗಿ ನಿಂತಿದ್ದರು. ಕಂದೀಲು ಒಂದಾಳಿನ ಆಳಕ್ಕೆ ಹೋದಾಗ ಜ್ವಾಲೆ ಕುಗ್ಗಿತು. ಇನ್ನೊಂದು ಮೊಳ ಇಳಿದಾಗ ಆರಿಹೋಯಿತು.

“ಇನ್ನಾ ಟೈಮ್ ಅದ. ಕುಂಡ್ರಿ, ಚಹಾ ಬರ್ತದ,” ಅಂದರು ಹಾವಗೆಪ್ಪ.

ಬಿ.ಎಸ್ಸಿ. ಓದುವ ಹುಡುಗನೊಬ್ಬ ತನ್ನ ಫೋನು ತೆಗೆದು ತೋರಿಸಿದ. “ಮುತ್ಯಾ, ಕಂದೀಲ ಯಾಕ್ರಿ? ಮೊಬೈಲ್ ಬ್ಯಾಟರಿ ಬಿಟ್ರ ಆರಂಗೇ ಇಲ್ಲ.”

“ಮೊಬೈಲ್ ಆರಂಗಿಲ್ಲಪ್ಪಾ. ನೀ ಆರ್ತಿ.”

ಎಲ್ಲರೂ ನಕ್ಕರು. ವಿದ್ಯಾರ್ಥಿಗಳನ್ನು ಕರೆತಂದಿದ್ದ ಉಪನ್ಯಾಸಕಿ ಆಮ್ರಪಾಲಿ ಕೂಡ ನಕ್ಕರು, ಆದರೆ ಏನನ್ನೂ ವಿವರಿಸಲಿಲ್ಲ. ಈ ತರಗತಿಯಲ್ಲಿ ಅದೊಂದು ಕಟ್ಟಳೆ: ಮೊದಲು ಪ್ರತಿಯೊಬ್ಬರೂ ಒಂದು ಪ್ರಶ್ನೆ ಕೇಳಬೇಕು, ಉತ್ತರದ ಮಾತು ಆಮೇಲೆ. ವಿಜ್ಞಾನದ ಹುಡುಗರು ದೀಪ ಏಕೆ ಆರಿತು ಎಂದು ಕೇಳಿದರು. ಕಲಾ ವಿಭಾಗದವರು ಇದನ್ನು ಕೊನೆಯ ಸಲ ತುಂಬಿಸಿದ್ದು ಯಾವಾಗ, ಇಳಿಯುತ್ತಿದ್ದವರು ಯಾರು ಎಂದು ಕೇಳಿದರು. ಮನಿಷಾ ಎಂಬ ಬಿ.ಎ. ಹುಡುಗಿ ಅದೇ ಊರಿನವಳು, ಚಾವಡಿಯ ಆಚೆ ಇರುವ, ಬೌದ್ಧರಾದ ದಲಿತರ ಕೇರಿಯವಳು. ಅವಳು ಕೇಳಿದಳು.

“ಕಾಕಾರಿ, ಹಗೇವ್ ಎಲ್ಲಾ ಈ ಓಣ್ಯಾಗೇ ಅವ. ನಮ್ಮ ಕಡಿ ಒಂದೂ ಯಾಕ ಇಲ್ರಿ?”

ಹಾವಗೆಪ್ಪ ಹಗ್ಗವನ್ನು ಕೈಗೆ ಸುತ್ತುತ್ತಲೇ ಇದ್ದರು. “ಅಲ್ಲಿ ಎರಿ ಮಣ್ಣ ಅದವ್ವಾ. ಎರ್ಯಾಗ ಹಗೇವ ತಡಿಯಂಗಿಲ್ಲ.”

ಇದು ಕಳೆದ ವರ್ಷದ ಫೆಬ್ರುವರಿಯ ಮಾತು. ಆಮ್ರಪಾಲಿಯವರ ನಂತರದ ಒಂದೂವರೆ ವರ್ಷವನ್ನು ತೆಗೆದುಕೊಂಡದ್ದು ಈ ಪ್ರಶ್ನೆ ಮತ್ತು ಈ ಉತ್ತರ.

ಹಗೇವು ಎಂದರೆ ಜೋಳ ತುಂಬಿಡುವ ನೆಲದ ಗುಂಡಿ. ಮರಾಠಿ ಮಾತಿನವರು ಪೇವ ಎನ್ನುತ್ತಾರೆ. ಒಳಗೋಡೆಗೆ ಹುಲ್ಲು ಹೊದಿಸಿ, ಕಾಳು ತುಂಬಿ, ಬಾಯಿಗೆ ಚಪ್ಪಡಿ ಇಟ್ಟು ಮಣ್ಣು ಮೆತ್ತಿದರೆ ಜೋಳ ವರ್ಷಗಟ್ಟಲೆ ಕೆಡುವುದಿಲ್ಲ. ಕಾಳು ತಾನೇ ಉಸಿರಾಡಿ ಒಳಗಿನ ಗಾಳಿಯ ಆಮ್ಲಜನಕವನ್ನು ಮುಗಿಸುತ್ತದೆ, ಹುಳು ಬದುಕುವುದಿಲ್ಲ. ತೆರೆದ ಕೂಡಲೇ ಇಳಿದರೆ ಮನುಷ್ಯನೂ ಬದುಕುವುದಿಲ್ಲ. ಅದಕ್ಕೇ ಕಂದೀಲು. ಔರಾದ, ಭಾಲ್ಕಿ ಕಡೆಯ ಹಳ್ಳಿಗಳಲ್ಲಿ ಈಗ ಯಾರೂ ಇವನ್ನು ತುಂಬಿಸುವುದಿಲ್ಲ. ಹೆಚ್ಚಿನವನ್ನು ಮುಚ್ಚಿ ಮೇಲೆ ಕಾಂಕ್ರೀಟು ಹಾಕಲಾಗಿದೆ. ಹಾವಗೆಪ್ಪನವರದು ಉಳಿದಿರುವುದಕ್ಕೆ ಕಾರಣ, ಅದರ ಮೇಲೆ ಅವರು ಎಮ್ಮೆ ಕಟ್ಟುತ್ತಿದ್ದುದು.

ಆಮ್ರಪಾಲಿ ಹುಟ್ಟಿದ್ದು ಭಾಲ್ಕಿ ತಾಲ್ಲೂಕಿನ ಸಾಯಗಾಂವದಲ್ಲಿ, ಅಲ್ಲಿನ ಬೌದ್ಧರ ಕೇರಿಯಲ್ಲಿ. ಓದಿದ್ದು ಭೂವಿಜ್ಞಾನ. ಈಗ ಬೀದರಿನಲ್ಲಿ ಮನೆ, ಭಾಲ್ಕಿಯ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯ ಕೆಲಸ. ಆ ಕಾಲೇಜಿನಲ್ಲಿ ಭೂವಿಜ್ಞಾನ ವಿಭಾಗವೇ ಇಲ್ಲ. ಅವರಿಗೆ ಕೊಟ್ಟಿರುವುದು ಪರಿಸರ ಅಧ್ಯಯನ. ಎಲ್ಲ ವಿದ್ಯಾರ್ಥಿಗಳೂ ಓದಲೇಬೇಕಾದ ಈ ವಿಷಯ ಯಾವ ವಿಭಾಗಕ್ಕೂ ಸೇರಿದ್ದಲ್ಲ. ಹಾಗಾಗಿ ಅದು ಯಾರಿಗೆ ಬಿಡುವಿದೆಯೋ ಅವರ ಪಾಲಾಗುತ್ತಿತ್ತು. ಒಂದು ವರ್ಷ ಅದನ್ನು ದೈಹಿಕ ಶಿಕ್ಷಣದವರು ಕಲಿಸಿದ್ದರಂತೆ.

ಸಿಬ್ಬಂದಿ ಕೋಣೆಯಲ್ಲಿ ಅವರ ಪಕ್ಕದ ಕುರ್ಚಿ ಶಶಿಕಲಾ ಅವರದು. ಕಮಠಾಣದವರು, ಶರಣರ ಮನೆತನ, ಇತಿಹಾಸದ ಕಾಯಂ ಉಪನ್ಯಾಸಕಿ. ಇಬ್ಬರೂ ಒಂದೇ ರೈಲಿನಲ್ಲಿ ಬೀದರಿನಿಂದ ಬರುತ್ತಾರೆ, ಒಂದೇ ರೈಲಿನಲ್ಲಿ ಹೋಗುತ್ತಾರೆ. ಬೇರೆ ವಿಭಾಗದ ಒಂದು ಪತ್ರಿಕೆಯನ್ನೂ ವಿದ್ಯಾರ್ಥಿಗಳು ಆರಿಸಿಕೊಳ್ಳಬೇಕೆಂಬ ನಿಯಮ ಬಂದಾಗ, ಇಬ್ಬರೂ ಸೇರಿ ಒಂದು ತರಗತಿ ಮಾಡುವುದು ಎಂದು ರೈಲಿನಲ್ಲೇ ತೀರ್ಮಾನವಾಯಿತು. ಪತ್ರಿಕೆಗೆ ‘ನೆಲ ಮತ್ತು ನೆಲೆ’ ಎಂದು ಹೆಸರಿಟ್ಟರು. ಮಣ್ಣು, ಕಲ್ಲು, ನೀರು ಆಮ್ರಪಾಲಿಯವರ ಭಾಗ. ಅದರ ಮೇಲೆ ಯಾರು, ಎಲ್ಲಿ, ಏಕೆ ಮನೆ ಕಟ್ಟಿದರು ಎಂಬುದು ಶಶಿಕಲಾರ ಭಾಗ.

ಪ್ರಾಂಶುಪಾಲರಿಗೆ ವಿಷಯದ ಬಗ್ಗೆ ತಕರಾರು ಇರಲಿಲ್ಲ. ಅವರ ಚಿಂತೆ ಹಾಜರಿಯದು: ಒಂದೇ ತಾಸಿನಲ್ಲಿ ಇಬ್ಬರು ಶಿಕ್ಷಕರು ನಿಂತರೆ ಆ ತಾಸು ಯಾರ ಲೆಕ್ಕಕ್ಕೆ? ಅತಿಥಿ ಉಪನ್ಯಾಸಕರ ಕೆಲಸ ನಿಂತಿರುವುದೇ ತಾಸುಗಳ ಮೇಲೆ. ಶಶಿಕಲಾ ತಮ್ಮ ಹೆಸರು ಬೇಡ ಅಂದರು. ಹೀಗೆ ದಾಖಲೆಯ ಪ್ರಕಾರ ಆ ಪತ್ರಿಕೆಯನ್ನು ಆಮ್ರಪಾಲಿ ಒಬ್ಬರೇ ಕಲಿಸುತ್ತಾರೆ. ಶಶಿಕಲಾ ಹಿಂದಿನ ಬೆಂಚಿನಲ್ಲಿ ಕೂತು ನಡುನಡುವೆ ಎದ್ದು ಪ್ರಶ್ನೆ ಕೇಳುತ್ತಾರೆ. ಹೊಸ ವಿದ್ಯಾರ್ಥಿಗಳು ಮೊದಲ ವಾರ ಅವರನ್ನು ತಪಾಸಣೆಗೆ ಬಂದವರೆಂದು ತಿಳಿಯುವುದುಂಟು.

ಮನಿಷಾಳ ಪ್ರಶ್ನೆಗೆ ಸಿಕ್ಕ ಉತ್ತರ ಭೂವಿಜ್ಞಾನದ ಮಟ್ಟಿಗೆ ಸರಿಯಾಗಿಯೇ ಇತ್ತು, ಆಮ್ರಪಾಲಿ ಅಂದು ಎಲ್ಲರೆದುರು ಅದಕ್ಕೆ ಹೌದು ಎಂದೂ ಹೇಳಿದ್ದರು. ಎರೆ ಮಣ್ಣು ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು ಬಿಡುತ್ತದೆ. ಅದರೊಳಗೆ ಗುಂಡಿ ತೋಡಿದರೆ ಗೋಡೆ ನಿಲ್ಲದು, ನೀರು ನುಗ್ಗುತ್ತದೆ. ಮುರಂ ಎಂಬ ಕಂದು ಗರಸು ಮಣ್ಣು ಹಾಗಲ್ಲ, ಅಗೆದ ಹಾಗೆಯೇ ಗಟ್ಟಿಯಾಗಿ ನಿಲ್ಲುತ್ತದೆ. ಮುರಂ ಇದ್ದ ದಿಬ್ಬದ ಮೇಲೆ ಜಮೀನುಳ್ಳವರು ನೆಲೆಸಿ, ಇಳಿಜಾರಿನ ಎರೆ ನೆಲ ಕೇರಿಯವರಿಗೆ ಉಳಿದಿದ್ದರೆ ಹಗೇವು ಒಂದೇ ಕಡೆ ಇರುವುದು ಸಹಜ. ಸಂತಪುರದಲ್ಲಷ್ಟೇ ಅಲ್ಲ, ತಮ್ಮ ಸಾಯಗಾಂವದಲ್ಲೂ ಹೀಗೇ ಎಂದು ಆಮ್ರಪಾಲಿಗೆ ಅಂದೇ ಹೊಳೆಯಿತು. ಅಲ್ಲೂ ಮೇಲಿನ ಓಣಿಯಲ್ಲಿ ಸಾಲು ಹಗೇವುಗಳಿದ್ದವು, ಕೇರಿಯಲ್ಲಿ ಒಂದೂ ಇರಲಿಲ್ಲ.

ಆ ಭಾನುವಾರ ಊರಿಗೆ ಹೋದಾಗ ತಾಯಿ ಕಾಂತಾಬಾಯಿಯವರನ್ನು ಕೇಳಿದರು. ಅವರು ಹೆಸರುಕಾಳು ಹಸನು ಮಾಡುತ್ತಿದ್ದರು.

“ಇಡ್ಲಾಕ ಜ್ವಾಳ ಇದ್ರ ಅಲ್ಲೇನು ತೆಗ್ಗ ತೋಡೋದು? ನಮ್ಮ ಹಗೇವ ನಮ್ಮ ಹೊಟ್ಟಿನೇ.”

ಮೇಲಿನ ಓಣಿಯ ಹಗೇವು ತೆಗೆಯುವಾಗ ಒಳಗಿಳಿದು ಚೀಲ ತುಂಬಿಸುತ್ತಿದ್ದವರು ಕೇರಿಯ ಗಂಡಸರು. ಕೂಲಿಗೆ ತಳದ ಜೋಳ ಕೊಡುತ್ತಿದ್ದರು. ಅದಕ್ಕೆ ಹುಳಿ ಹುಳಿ ವಾಸನೆ, ರೊಟ್ಟಿ ಮಾಡಿದರೂ ಹೋಗುತ್ತಿರಲಿಲ್ಲ. ಕಾಂತಾಬಾಯಿ ಇದನ್ನೆಲ್ಲ ಬೇಸರವೂ ಇಲ್ಲದೆ ಸಿಟ್ಟೂ ಇಲ್ಲದೆ ಹೇಳಿ, ಮೊರ ಹಿಡಿದು ಮತ್ತೆ ಕಾಳು ಕೇರತೊಡಗಿದರು.

ಒಂದೇ ಪ್ರಶ್ನೆಗೆ ಎರಡು ಉತ್ತರ. ನೆಲ ತಡೆಯುತ್ತಿರಲಿಲ್ಲ ಎಂದು ಹಗೇವಿದ್ದವರು ಹೇಳುತ್ತಾರೆ. ಇಡಲು ಕಾಳಿರಲಿಲ್ಲ ಎಂದು ಇಲ್ಲದವರು ಹೇಳುತ್ತಾರೆ. ಮೊದಲನೆಯದನ್ನು ಪರೀಕ್ಷಿಸಬಹುದು, ಅದಕ್ಕೆ ಬೇಕಾದದ್ದು ತಮಗೆ ಗೊತ್ತಿದೆ ಎಂದು ಆಮ್ರಪಾಲಿಗೆ ಅನಿಸಿತು. ಪಿಎಚ್.ಡಿ. ಮಾಡಬೇಕೆಂಬ ಹಳೆಯ ಆಸೆಗೆ ಹೀಗೆ ವಿಷಯ ಸಿಕ್ಕಿತು.

ಆದರೆ ವಿಷಯ ಯಾವ ವಿಭಾಗದ್ದು? ವಿಶ್ವವಿದ್ಯಾಲಯದ ಇತಿಹಾಸದ ಪ್ರಾಧ್ಯಾಪಕಿಯೊಬ್ಬರು ಪ್ರಸ್ತಾವ ಓದಿ, ಅರ್ಧ ಮಣ್ಣಿನ ಕೋಷ್ಟಕಗಳೇ ಇವೆ, ಇದನ್ನು ತಾವು ತಿದ್ದುವುದಾದರೂ ಹೇಗೆ ಅಂದರು. ಭೂವಿಜ್ಞಾನದ ಪ್ರಾಧ್ಯಾಪಕರು ಕರೆದು ಕೂರಿಸಿ ಮಾತಾಡಿದರು. ಅವರ ಬಳಿ ಒಂದು ಸ್ಥಾನ ಖಾಲಿಯಿತ್ತು, ಅವರು ಮಾರ್ಗದರ್ಶನ ಮಾಡುವ ಕೊನೆಯ ಸ್ಥಾನ, ಇನ್ನೆರಡು ವರ್ಷಕ್ಕೆ ನಿವೃತ್ತಿ. ಷರತ್ತು ಒಂದೇ: ಜಾತಿ, ಓಣಿಗಳ ಮಾತು ಬಿಡಬೇಕು, ಹಗೇವು ಇರುವ ಮತ್ತು ಇಲ್ಲದ ನೆಲಗಳ ಗುಣ ಹೋಲಿಸಬೇಕು, ಅಷ್ಟೇ.

ಆಮ್ರಪಾಲಿ ಒಪ್ಪಿಕೊಂಡರು. ಒಪ್ಪದೆ ಇರುವುದು ಸುಲಭವಿರಲಿಲ್ಲ. ಭೂವಿಜ್ಞಾನದ ಪಿಎಚ್.ಡಿ. ಇದ್ದರೆ ಆ ವಿಷಯದ ಕಾಯಂ ಹುದ್ದೆಗೆ ಅರ್ಜಿ ಹಾಕಬಹುದು. ಇಲ್ಲದಿದ್ದರೆ ಪ್ರತಿ ವರ್ಷ ಜೂನ್‌ನಲ್ಲಿ ತಾಸುಗಳ ಲೆಕ್ಕ ಆಗುವವರೆಗೆ ಕೆಲಸ ಇದೆಯೋ ಇಲ್ಲವೋ ಎಂದು ಕಾಯಬೇಕು. ಮೂವತ್ತೆಂಟರ ವಯಸ್ಸಿನಲ್ಲಿ ಇನ್ನೊಂದು ಸ್ಥಾನ ಯಾವಾಗ ಸಿಗುತ್ತದೆಂದು ಯಾರೂ ಹೇಳುವ ಹಾಗಿರಲಿಲ್ಲ.

ವರ್ಷವಿಡೀ ರಜೆಗಳಲ್ಲಿ ಮಣ್ಣು ಸಂಗ್ರಹಿಸಿದರು. ಕೈಯಿಂದ ತಿರುಗಿಸುವ ಕಬ್ಬಿಣದ ಬೈರಿಗೆಯನ್ನು ಗೋಣಿಯಲ್ಲಿ ಸುತ್ತಿ ಬಸ್ಸಿನಲ್ಲಿ ಒಯ್ಯುತ್ತಿದ್ದರು. ಔರಾದ ದಾರಿಯ ನಿರ್ವಾಹಕ ಅಯ್ಯುಬರಿಗೆ ಅದರ ಗುರುತಾಗಿ, ಆಮ್ರಪಾಲಿ ಹತ್ತಿದ ಕೂಡಲೇ “ಮೇಡಂ, ಇವತ್ತ ಯಾವ ಊರಾಗ ಬೋರ್ ಹೊಡೀತೀರಿ?” ಎಂದು ಕೇಳುತ್ತಿದ್ದರು. ಮೊದಲು ಸಾಯಗಾಂವ ಮುಗಿಯಿತು. ಫಲಿತಾಂಶ ಅಂದುಕೊಂಡಂತೆಯೇ ಬಂತು: ಮೇಲಿನ ಓಣಿಯಲ್ಲಿ ಕಂದು ಮುರಂ, ಕೇರಿಯಲ್ಲಿ ಬೂದುಗಪ್ಪು ಜೇಡಿ. ಕೋಷ್ಟಕದಲ್ಲಿ ಎರಡೂ ಚೊಕ್ಕವಾಗಿ ಬೇರೆಬೇರೆಯಾಗಿ ನಿಂತವು. ಪ್ರಾಧ್ಯಾಪಕರು ಮೆಚ್ಚಿದರು. ನೋಂದಣಿ ಸಮಿತಿಯ ಸಭೆ ಈ ವರ್ಷದ ಜೂನ್‌ಗೆ ನಿಗದಿಯಾಯಿತು.

ಸಭೆಗೆ ಮುಂಚಿನ ಭಾನುವಾರ ಸಾಯಗಾಂವದ ಮನೆಯ ಹಿಂದೆ ತಮ್ಮ ಧಮ್ಮಪಾಲ ಹೊಸ ಶೌಚಾಲಯಕ್ಕೆ ಗುಂಡಿ ತೋಡಿಸುತ್ತಿದ್ದ. ಅವನು ವಿದ್ಯುತ್ ಇಲಾಖೆಯಲ್ಲಿ ಲೈನ್‌ಮನ್. ಓಣಿ ಸಣ್ಣದೆಂದು ಜೆಸಿಬಿ ಬರಲಿಲ್ಲ, ಇಬ್ಬರು ಆಳು ಸನಿಕೆಯಿಂದಲೇ ಅಗೆದಿದ್ದರು. ಅಕ್ಕ ಚಹಾ ಲೋಟ ಹಿಡಿದು ಗುಂಡಿಯಂಚಿಗೆ ಬಂದು ಬಗ್ಗಿ ನೋಡಿದಳು. ಲೋಟವನ್ನು ಕೆಳಗಿಟ್ಟು ಏಣಿ ಹಿಡಿದು ಒಳಗಿಳಿದಳು.

ಗುಂಡಿಯ ಗೋಡೆ ಒಂದೇ ಮಣ್ಣಿನದಾಗಿರಲಿಲ್ಲ. ಮೇಲಿನಿಂದ ಸೊಂಟದ ಮಟ್ಟದವರೆಗೆ ಬೂದುಗಪ್ಪು. ಅದರ ಕೆಳಗೆ ಗೆರೆ ಎಳೆದಂತೆ ಬಣ್ಣ ಬದಲಾಗಿ ಕಂದು ಮುರಂ ಶುರುವಾಗಿ, ತಳದವರೆಗೂ ಅದೇ ಇತ್ತು. ಮೇಲಿನ ಓಣಿಯ ಹಗೇವುಗಳ ಗೋಡೆಯಲ್ಲಿ ಕಂಡದ್ದೇ ಮುರಂ.

ಆಮ್ರಪಾಲಿ ಬೂದು ಮಣ್ಣನ್ನು ಉಗುರಿನಿಂದ ಕೆರೆದು ಅಂಗೈಯಲ್ಲಿ ತಿಕ್ಕಿದರು. ಸಣ್ಣಗೆ ಕತ್ತರಿಸಿದ ಹೊಟ್ಟಿನ ಚೂರುಗಳು ಉಳಿದವು. ಅಲ್ಲಲ್ಲಿ ಬೂದಿ, ಒಂದು ಬಳೆಯ ಚೂರು. ಹೊಲದ ಎರೆಯಲ್ಲಿ ಹೊಟ್ಟು ಹೀಗೆ ಬೆರೆತಿರುವುದಿಲ್ಲ. ಹೊಟ್ಟು ಬೆರೆಸುವುದು ಮಾಳಿಗೆಯ ಮಣ್ಣಿಗೆ. ಈ ಕಡೆಯ ಮಣ್ಣಿನ ಮಾಳಿಗೆಗಳಿಗೆ ಪ್ರತಿ ವರ್ಷ ಮಳೆಗೆ ಮುಂಚೆ ಹಳ್ಳದ ದಂಡೆಯಿಂದ ಜೇಡಿ ತಂದು, ಹೊಟ್ಟು ಕಲಸಿ, ಒಂದು ಪದರ ಬಳಿಯುವುದು ಪದ್ಧತಿ. ಆಮ್ರಪಾಲಿ ಎಂಟನೆಯ ತರಗತಿಯವರೆಗೂ ಬೇಸಿಗೆ ರಜೆಯಲ್ಲಿ ಆ ಮಣ್ಣಿನ ಬುಟ್ಟಿ ಹೊತ್ತವರು. ಮನೆ ಹಳತಾಗಿ ಬಿದ್ದರೆ ಮಾಳಿಗೆ ನೆಲಕ್ಕೆ ಸೇರುತ್ತದೆ, ಅದನ್ನೇ ತುಳಿದು ಸಮ ಮಾಡಿ ಹೊಸ ಮನೆ ಕಟ್ಟುತ್ತಾರೆ. ಕೋಷ್ಟಕದಲ್ಲಿ ಕೇರಿಯ ನೆಲ ಎಂದು ಅವರು ಬರೆದದ್ದು ನೆಲವಾಗಿರಲಿಲ್ಲ, ಬಿದ್ದ ಮನೆಗಳ ಚಾವಣಿ.

ತಪ್ಪು ಎಲ್ಲಿ ಆಯಿತೆಂಬುದು ಗುಂಡಿಯೊಳಗೆ ನಿಂತಾಗಲೇ ಸ್ಪಷ್ಟವಾಯಿತು. ಮೇಲಿನ ಓಣಿಯಲ್ಲಿ ಮಾದರಿ ತೆಗೆದದ್ದು ಹಗೇವಿನ ಒಳಗೋಡೆಯಿಂದ, ಎಂದರೆ ಆಳದಿಂದ. ಕೇರಿಯಲ್ಲಿ ಇಳಿಯಲು ಹಗೇವು ಇರಲಿಲ್ಲ, ಹಾಗಾಗಿ ಬೈರಿಗೆಯಿಂದ ಮೊಣಕಾಲುದ್ದ ಮಾತ್ರ ತೆಗೆದಿದ್ದರು. ಗುಂಡಿ ಇಲ್ಲದ ಕಾರಣ ಗುಂಡಿಯ ಆಳ ನೋಡದೆ, ಗುಂಡಿ ತೋಡಲಾಗದ ನೆಲ ಎಂದು ಬರೆದುಬಿಟ್ಟಿದ್ದರು.

“ಧಮ್ಮಾ, ನಿಲ್ಸಪ್ಪಾ. ಇವತ್ತ ಇಟ್ಟಂಗಿ ಕಟ್ಟಬ್ಯಾಡ.”

“ಯಾಕಕ್ಕಾ, ಇದಕ್ಕೂ ಪಿಎಚ್.ಡಿ. ಬೇಕೇನು?”

ಕಾಂತಾಬಾಯಿ ಮೇಲಿನಿಂದ ಬಗ್ಗಿ, ಸೀರೆ ಮಣ್ಣಾಯಿತು ಎಂದು ಮಗಳನ್ನು ಬೈದರು. ಮಗಳು ಫೋಟೊ ತೆಗೆದಳು, ಅಳೆದಳು, ಪ್ರತಿ ಪದರದಿಂದ ಒಂದೊಂದು ಚೀಲ ಮಣ್ಣು ತುಂಬಿಕೊಂಡಳು. ಆಳುಗಳು ಮಧ್ಯಾಹ್ನದವರೆಗೆ ಬೇವಿನ ನೆರಳಲ್ಲಿ ಕೂತರು.

ಮರುದಿನ ಭಾಲ್ಕಿಯಿಂದ ವಾಪಸಾಗುವ ರೈಲಿನಲ್ಲಿ ಫೋಟೊಗಳನ್ನು ಶಶಿಕಲಾರಿಗೆ ತೋರಿಸಿದರು. ಅವರು ಹಿಗ್ಗಿಸಿ ಹಿಗ್ಗಿಸಿ ನೋಡಿ, ಬೂದು ಪದರದೊಳಗೆ ಇನ್ನೂ ತೆಳುವಾದ ಪದರಗಳಿರುವುದನ್ನು ಬೆರಳಿಟ್ಟು ತೋರಿಸಿದರು. ಒಂದು ಬೂದಿಯ ಗೆರೆ, ಮತ್ತೆ ಮಣ್ಣು, ಮತ್ತೆ ಬೂದಿ. ಆಮ್ರಪಾಲಿ ಅದನ್ನು ಗಮನಿಸಿರಲಿಲ್ಲ. ಅವರ ಚಿಂತೆ ಬೇರೆಯಿತ್ತು. ಈ ಫೋಟೊ ಸಮಿತಿಯ ಮುಂದೆ ಇಟ್ಟರೆ ಪ್ರಸ್ತಾವದ ಬುಡವೇ ಹೋಗುತ್ತದೆ. ಇಡದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ನೋಂದಣಿಯಾದ ಮೇಲೆ ತಿದ್ದಿಕೊಳ್ಳಲು ಅವಕಾಶವೂ ಇದೆ.

“ಮೊದಲ ಹೆಸರ ನೋಂದಾಯಿಸಿಕೊಂಡು ಆಮ್ಯಾಲ ತೋರಿಸಿದ್ರ ನಡೀತದಲ್ಲ?” ಎಂದು ಶಶಿಕಲಾ ಕೇಳಿದರು. ಸಲಹೆ ಕೊಡುವ ದನಿ ಅದಲ್ಲ, ಕೇಳಿ ನೋಡುವ ದನಿ.

“ನಡೀತದ ಅಕ್ಕೋರ. ಆದ್ರ ಸಂತಪುರದಾಗ ಎರಿ ಮಣ್ಣ ಅಂತ ಆ ಹುಡುಗಿಗಿ ಹೌದಂತ ಹೇಳಿ ಬಂದೀನಿ ನಾ. ಎಲ್ಲಾರ ಮುಂದ.”

“ಅಲ್ಲೂ ಹಿಂಗೇ ಅದ ಅಂತ ಹ್ಯಾಂಗ ಗೊತ್ತ?”

“ಗೊತ್ತಿಲ್ಲ. ಅದೇ ಮಾತ.”

ಖಾನಾಪುರ ದಾಟಿದ ಮೇಲೆ ಶಶಿಕಲಾ ಅಂದರು: “ನಿಮ್ಮ ಸೈನ್ಸಿನಾಗ ಸೋತ್ರ ಸೋತಂಗೇ. ನಮ್ಮಲ್ಲಿ ಸೋಲಿಗೂ ಒಂದು ಅಧ್ಯಾಯ ಕೊಡ್ತಾರ ನೋಡು.”

ಸಮಿತಿಯ ಸಭೆ ಬೀದರಿನಲ್ಲಿ ನಡೆಯಿತು. ಮೇಜಿನ ಸುತ್ತ ಐವರು. ಮಾರ್ಗದರ್ಶಕರಾಗಬೇಕಿದ್ದ ಭೂವಿಜ್ಞಾನದ ಪ್ರಾಧ್ಯಾಪಕರೂ ಇದ್ದರು, ಹೊರ ವಿಭಾಗದ ಸದಸ್ಯೆಯಾಗಿ ಇತಿಹಾಸದ ಪ್ರಾಧ್ಯಾಪಕಿಯೂ ಇದ್ದರು. ಆಮ್ರಪಾಲಿ ಮೊದಲು ಹಳೆಯ ಕೋಷ್ಟಕ ತೋರಿಸಿದರು, ನಂತರ ಗುಂಡಿಯ ಫೋಟೊ. ಕೋಷ್ಟಕ ಏಕೆ ತಪ್ಪು ಎಂಬುದನ್ನು ಎರಡು ವಾಕ್ಯಗಳಲ್ಲಿ ಹೇಳಿದರು. ಪ್ರಾಧ್ಯಾಪಕರು ಇದನ್ನು ಮೊದಲೇ ನೋಡಿರಲಿಲ್ಲ. ಕನ್ನಡಕ ತೆಗೆದು ಒರೆಸಿಕೊಂಡರು.

“ಹಾಗಾದ್ರ ಮಣ್ಣು ಕಾರಣ ಅಲ್ಲ ಅಂತೀರಿ.”

“ಸಾಯಗಾಂವದಾಗ ಅಲ್ಲ ಸರ್. ಉಳಿದ ಊರು ಇನ್ನಾ ಗೊತ್ತಿಲ್ಲ.”

“ಮತ್ತ ಭೂವಿಜ್ಞಾನಕ್ಕ ಇದರಾಗ ಏನ ಉಳೀತು?”

“ಮ್ಯಾಲಿನ ಸೊಂಟದ ಮಟ್ಟ ಉಳೀತು ಸರ್. ಅದು ಮನಿ ಬಿದ್ದು ಬಿದ್ದು ಆದ ಮಣ್ಣು.”

ಆಗ ಇತಿಹಾಸದ ಪ್ರಾಧ್ಯಾಪಕಿ ಫೋಟೊ ತಮ್ಮ ಕಡೆಗೆ ಎಳೆದುಕೊಂಡರು. ಒಂದರ ಮೇಲೊಂದು ಎಷ್ಟು ಮನೆ ಬಿದ್ದಿವೆ ಎಂದು ಹೇಳಲು ಬರುತ್ತದೆಯೇ ಎಂದು ಕೇಳಿದರು. ಬೂದಿಯ ಗೆರೆಗಳನ್ನು ಎಣಿಸಿದರೆ ಬರಬಹುದು ಎಂದು ಆಮ್ರಪಾಲಿ ಹೇಳಿದರು. ಎಷ್ಟು ಹಳೆಯವು? ಇದ್ದಿಲಿನ ಚೂರು ಸಿಕ್ಕರೆ ಪರೀಕ್ಷೆಗೆ ಕಳಿಸಬಹುದು. ಮಾಳಿಗೆಗೆ ಯಾವ ಹಳ್ಳದ ಮಣ್ಣು ತಂದರೆಂದು ತಿಳಿಯುತ್ತದೆಯೇ? ತಿಳಿಯುತ್ತದೆ, ಕಾಳಜಿಯಿಂದ ಜರಡಿ ಹಿಡಿದು ಹಳ್ಳಗಳ ಮಣ್ಣಿನೊಂದಿಗೆ ಹೋಲಿಸಿದರೆ. ಆ ಹಳ್ಳದ ಮಣ್ಣು ತೆಗೆಯಲು ಕೇರಿಯವರಿಗೆ ಹಕ್ಕಿತ್ತೇ? ಅದು ತಮಗೆ ಗೊತ್ತಿಲ್ಲ ಎಂದರು ಆಮ್ರಪಾಲಿ. ಅದು ತಮಗೂ ಗೊತ್ತಿಲ್ಲ ಎಂದರು ಪ್ರಾಧ್ಯಾಪಕಿ. ಕೇರಿಯವರ ಹೆಸರು ಯಾವ ಹಳೆಯ ಕಾಗದದಲ್ಲೂ ಸರಿಯಾಗಿ ಸಿಗುವುದಿಲ್ಲ, ಮಣ್ಣಿನಲ್ಲಿ ಹುಡುಕಬಹುದೆಂದು ತಮಗೆ ತೋಚಿರಲಿಲ್ಲ ಎಂದೂ ಹೇಳಿದರು. ಭೂವಿಜ್ಞಾನದ ಪ್ರಾಧ್ಯಾಪಕರು ಆ ಪದರಗಳಿಗೆ ಸೂಕ್ಷ್ಮದರ್ಶಕದ ಕೆಲಸವೂ ಬೇಕಾದೀತು ಎಂದು ಸೇರಿಸಿದರು. ನಿಗದಿಯಾಗಿದ್ದ ಸಮಯ ಮುಗಿದ ಮೇಲೂ ಮಾತು ನಡೆಯಿತು. ಹೊರಗೆ ಕಾಯುತ್ತಿದ್ದ ಮುಂದಿನ ಅಭ್ಯರ್ಥಿ ಎರಡು ಸಲ ಬಾಗಿಲು ತೆರೆದು ನೋಡಿದ.

ಒಂದು ವಾರದ ನಂತರ ನಿರ್ಧಾರ ಬಂತು. ಭೂವಿಜ್ಞಾನದಲ್ಲಿ ನೋಂದಣಿ ಇಲ್ಲ. ಪ್ರಸ್ತಾವದ ಮುಖ್ಯ ಊಹೆಯನ್ನು ಅಭ್ಯರ್ಥಿಯೇ ಅಲ್ಲಗಳೆದಿರುವಾಗ ಕೊಡಲಾಗದು ಎಂಬುದು ಕಾರಣ. ಖಾಲಿಯಿದ್ದ ಆ ಕೊನೆಯ ಸ್ಥಾನ ಅಂತರ್ಜಲದ ಮೇಲೆ ಕೆಲಸ ಮಾಡುವ ಇನ್ನೊಬ್ಬರಿಗೆ ಹೋಯಿತು. ಇತಿಹಾಸ ವಿಭಾಗ ಅವರನ್ನು ತೆಗೆದುಕೊಳ್ಳಲು ಒಪ್ಪಿದೆ, ಆ ವಿಭಾಗದ ಪೂರ್ವಭಾವಿ ತರಗತಿಗಳಿಗೆ ಕೂತು ಪರೀಕ್ಷೆ ಪಾಸಾದರೆ. ಭೂವಿಜ್ಞಾನದ ಪ್ರಾಧ್ಯಾಪಕರು ಸಹ ಮಾರ್ಗದರ್ಶಕರಾಗಿ ಇರುತ್ತಾರೆ, ನಿವೃತ್ತಿಯವರೆಗೆ.

ಈ ಪದವಿ ಭೂವಿಜ್ಞಾನದ ಹುದ್ದೆಗೆ ನಡೆಯುವುದಿಲ್ಲ. ಇತಿಹಾಸದ ಹುದ್ದೆಗೆ ಇತಿಹಾಸದ ಎಂ.ಎ. ಬೇಕು, ಅದು ಅವರಲ್ಲಿಲ್ಲ. ಎರಡು ವಿಷಯಗಳ ನಡುವೆ ಮಾಡಿದ ಕೆಲಸಕ್ಕೆ ನೇಮಕಾತಿಯ ನಿಯಮಗಳಲ್ಲಿ ಸದ್ಯ ಜಾಗವಿಲ್ಲ ಎಂಬುದನ್ನು ಆಮ್ರಪಾಲಿ ಸಹಿ ಹಾಕುವ ಮೊದಲೇ ಕೇಳಿ ಖಚಿತಪಡಿಸಿಕೊಂಡಿದ್ದರು. ಆಮೇಲೆ ಸಹಿ ಹಾಕಿದರು. ಏಕೆ ಎಂದು ತಮ್ಮ ಕೇಳಿದಾಗ, ಎಷ್ಟು ಮನೆ ಬಿದ್ದಿವೆಯೆಂದು ನಿನಗೆ ತಿಳಿಯಬೇಕು ಅನಿಸುವುದಿಲ್ಲವೇ ಎಂದು ತಿರುಗಿ ಕೇಳಿದರಂತೆ. ಅನಿಸುತ್ತದೆ ಎಂದು ಅವನು ಒಪ್ಪಿಕೊಂಡ.

ಇತಿಹಾಸ ವಿಭಾಗದ ತರಗತಿಗಳು ಆಗಸ್ಟ್ ಮೊದಲ ಸೋಮವಾರ ಆರಂಭವಾಗುತ್ತವೆ, ವಾರಕ್ಕೆ ಎರಡು ದಿನ. ಆ ಎರಡು ದಿನ ಭಾಲ್ಕಿಯಲ್ಲಿ ಪರಿಸರ ಅಧ್ಯಯನವನ್ನು ಶಶಿಕಲಾ ಕಲಿಸುತ್ತಾರೆ. ಪ್ರಾಂಶುಪಾಲರು ಒಪ್ಪಿಗೆ ಕೊಟ್ಟಿದ್ದಾರೆ.